ಕಡೇ ಪಂಕ್ತಿಯವರು

ಅವರ ಬಲ ಹೆಗಲು ಎಡ ಹೆಗಲಿಗಿಂತ ತಗ್ಗಾಗಿತ್ತು. ಮದುವೆ ಮನೆಗಳಲ್ಲಿ ಭಾರದ ಕ್ಯಾಮೆರಾ ಹೊತ್ತೂ ಹೊತ್ತೂ ಕುಸಿದು ಹೋದ ಹೆಗಲು ಅದು. ಎಂಥ ಇಸ್ತ್ರಿ ಅಂಗಿ ಹಾಕಿಕೊಂಡರೂ ಒಂದು ಕಡೆ ಜಾರಿದಂತೆಯೇ ಕಾಣುತ್ತಿತ್ತು. ಮಾತಾಡುವಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೊದಲ ಸಲ ನೋಡಿದಾಗ, ಇದೇನಪ್ಪಾ, ಈ ವಯಸ್ಸಿನಲ್ಲಿ ಕಣ್ಣು ಹೊಡೆಯುತ್ತಾರಲ್ಲ ಎಂದು ನನಗೆ ರೇಗಿಹೋಗಿತ್ತು. ನನಗೋ, ಸಿಟ್ಟು ಮೂಗಿನ ತುದಿಯಲ್ಲೇ. ಆಮೇಲೆ ತಿಳಿಯಿತು, ಅವರು ಲೋಕವನ್ನೆಲ್ಲ ಕ್ಯಾಮೆರಾದ ಕಿಂಡಿಯಿಂದ ನೋಡಿಯೇ ಅಭ್ಯಾಸವಾದವರು.

ಒಂಟಿಕೊಪ್ಪಲಿನಲ್ಲಿ ಎಲ್ಲರಿಗೂ ಅವರು ವಿಡಿಯೋದವರು. ಒಂದು ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಒಬ್ಬರೇ ಇದ್ದರು. ಹೆಗಲು ಸೋತ ಮೇಲೆ ಮದುವೆ ತೆಗೆಯುವುದನ್ನು ಬಿಟ್ಟು, ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಹಾಕಿಕೊಡುವ ಕೆಲಸ ಹಿಡಿದಿದ್ದರು. ನಾನು ಯಾದವಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ಅವರ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ರೂಮು. ಸಂಜೆ ಬಂದು ಬೀಗ ತೆಗೆದರೆ ಒಳಗಿನಿಂದ "ಬಂದ್ಯಾ?" ಎನ್ನುವವರು ಯಾರೂ ಇರಲಿಲ್ಲ.

ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ಫೋಟೋ ಇದೆ, ಒಂದೆರಡು ಸೀರೆ ಇದೆ. ಧ್ವನಿ ಮಾತ್ರ ನನಗೆ ನೆನಪಿಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ನೆನಪಿಗೆ ಬಾರದು. ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟಿನಲ್ಲಿ ಅಮ್ಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟಕ್ಕೆ ಕೂತಿದ್ದಾಳೆ. ಏನೋ ಮಾತಾಡುತ್ತಾಳೆ. ಕೇಳಿಸುವುದು ಮಾತ್ರ ಸಿನಿಮಾ ಹಾಡು. ಆ ಕಾಲದ ಮದುವೆ ವಿಡಿಯೋಗಳೆಲ್ಲ ಹಾಗೇ. ಜನರ ಮಾತನ್ನು ಅಳಿಸಿ ಮೇಲೊಂದು ಹಾಡು ಹಾಕಿಬಿಡುತ್ತಿದ್ದರು. ಆ ಮದುವೆಯನ್ನು ತೆಗೆದವರು ಇವರೇ ಎಂದು ಚಿಕ್ಕಮ್ಮ ಹೇಳಿದ ದಿನವೇ ನಾನು ಕ್ಯಾಸೆಟ್ ಹಿಡಿದು ಅವರ ಬಾಗಿಲು ತಟ್ಟಿದೆ.

"ಹಾಡು ಹಾಕಿದ್ದು ನಾನೇ ಕಣಮ್ಮ," ಎಂದರು. "ಜನ ಕೇಳೋರು, ಹಾಕ್ತಿದ್ದೆ. ಆದ್ರೆ ಕ್ಯಾಮೆರಾದೊಳಗಿದ್ದ ಅಸಲು ಕ್ಯಾಸೆಟ್ಟು ನನ್ ಹತ್ರಾನೇ ಅದೆ. ಬೇರೇರು ಅದ್ರ ಮೇಲೇ ಇನ್ನೊಂದು ಮದುವೆ ತೆಗೆದ್ಬುಡೋರು. ನಂಗೆ ಮನಸ್ಸು ಬರ್ನಿಲ್ಲ."

ಅಮ್ಮನ ಧ್ವನಿ ಆ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿತ್ತು.

ಕೇಳುವುದು ಮಾತ್ರ ಸುಲಭವಾಗಲಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ನಾನು ಲ್ಯಾಬಿನಲ್ಲಿದ್ದಾಗ ಅವರು ಅದನ್ನು ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಟೇಪು ಕಿತ್ತುಕೊಂಡಿತು, ಇಳಿದದ್ದೇ ಭಾಗ್ಯ. ಇಳಿದ ಫೈಲೋ ಭೂತಾಕಾರ, ಅವರ ಹಳೇ ಕಂಪ್ಯೂಟರಿನಲ್ಲಿ ಹಾಗೇ ಹಾಕಿದರೆ ಮುಗ್ಗರಿಸಿ ನಿಲ್ಲುತ್ತಿತ್ತು. ಡಿಸ್ಕೋ ಅಂಗೈಯಗಲ. ಕುಗ್ಗಿಸಿ ಕೂರಿಸಲು ಅವರ ಹತ್ತಿರ ಒಂದು ಸಾಫ್ಟ್‌ವೇರ್ ಇತ್ತು. ಅದು ಜಪ್ಪಯ್ಯ ಅಂದರೂ ದಾರಿಗೆ ಬರಲಿಲ್ಲ. ಮೊದಲ ಸಲ ಇನ್ನೇನು ಮುಗಿಯಿತು ಎನ್ನುವಾಗ ನಿಂತುಹೋಯಿತು. ಇನ್ನೊಂದು ಸಲ ಪೂರ್ತಿ ಆಯಿತು, ಆದರೆ ಮುಖಗಳೆಲ್ಲ ಚೌಕ ಚೌಕವಾಗಿ ಒಡೆದವು. ಮದುಮಗಳು ಯಾರು, ಪುರೋಹಿತರು ಯಾರು ಗೊತ್ತಾಗದು. ಅದನ್ನು ಸರಿಮಾಡಿದರೆ ಶಬ್ದ ಹಿಂದೆ ಬಿತ್ತು. ತಾಳಿ ಕಟ್ಟಿ ಆದ ಮೇಲೆ ನಿಧಾನವಾಗಿ ಗಟ್ಟಿಮೇಳ! ಊಟದ ಹೊತ್ತಿಗೆ ಅಂತರ ಇನ್ನೂ ಬೆಳೆದು, ಅಮ್ಮ ಬಾಯಿ ತೆರೆದರೆ ಯಾರೋ ಗಂಡಸಿನ ಗಂಟಲು, "ಹುಳಿ ತಗೊಂಡ್ ಬಾರಯ್ಯ!" ಎಂದಿತು. ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಅಳು ಬಂತು. ಅವರು ಎದ್ದುಹೋಗಿ ಟೀಗೆ ನೀರಿಟ್ಟರು.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಅವರ ಕಟ್ಟುನಿಟ್ಟು. "ಉಪ್ಪು ಹುಳಿ ಒಟ್ಟಿಗೆ ಸುರಿದ್ಬುಟ್ರೆ ಸಾರು ಯಾವುದ್ರಿಂದ ಕೆಡ್ತು ಅಂತ ಎಂಗೆ ಗೊತ್ತಾಗ್ಬೇಕು?" ಎನ್ನುವರು. ಬೆಳಿಗ್ಗೆ ಒಂದು ಕಡೆ ತಿದ್ದಿ ಓಡಲು ಬಿಟ್ಟರೆ ಸಂಜೆಯ ತನಕ ಅದು ತೆವಳುತ್ತಿತ್ತು. ಕಂಪ್ಯೂಟರು ಕಾದುಹೋಗುತ್ತದೆಂದು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ ತಾವು ಬೆವರುತ್ತ ಕೂತಿರುತ್ತಿದ್ದರು. ನಾನು ಲ್ಯಾಬಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಹಸಿರು ಪಟ್ಟಿ ಮುಂದೆ ಸರಿಯುವುದನ್ನು ಇಬ್ಬರೂ ನೋಡುತ್ತಾ ಟೀ ಕುಡಿಯುತ್ತಿದ್ದೆವು. ಒಮ್ಮೆ ಕೇಳಿಯೇಬಿಟ್ಟೆ, "ಊರಿನವರ ಮದುವೆ ಎಲ್ಲಾ ತೆಗೆದ್ರಿ, ನೀವ್ಯಾಕೆ ಆಗ್ಲಿಲ್ಲ?"

"ಮದುವೆ ಸೀಸನ್ನಲ್ಲಿ ನಂಗೆ ಬಿಡುವೆಲ್ಲಿತ್ತು ಕಣಮ್ಮ?" ಎಂದು ನಕ್ಕರು. ಫ್ಯಾನನ್ನು ಕಂಪ್ಯೂಟರಿನತ್ತ ಇನ್ನೊಂದಿಷ್ಟು ತಿರುಗಿಸಿದರು.

ಕೊನೆಗೆ ನನ್ನ ತಾಳ್ಮೆ ಕೆಟ್ಟಿತು. "ಇದೆಲ್ಲಾ ಯಾಕೆ? ಅಮ್ಮ ಇರೋ ತುಣುಕು ಮಾತ್ರ ಕತ್ತರಿಸಿ ಕೊಟ್ಬಿಡಿ."

"ಪಂಕ್ತೀಲಿ ಕೂತೋರ್ನ ಎಬ್ಬಿಸ್ಬಾರ್ದು."

ಇದು ಅವರ ಧರ್ಮ. ಊಟದ ಸಾಲಿನಲ್ಲಿ ಎಲೆಯಿಂದ ಎಲೆಗೆ ಕ್ಯಾಮೆರಾ ಹಿಡಿದು ನಡೆದರೆ ಒಬ್ಬರನ್ನೂ ಬಿಡುವಂತಿಲ್ಲ. ತೆಗೆದ ಮೇಲೆ ಒಬ್ಬರನ್ನೂ ಕತ್ತರಿಸುವಂತಿಲ್ಲ.

"ಸರಿ, ಹಾಗಾದ್ರೆ ಎರಡು ಡಿಸ್ಕ್ ಮಾಡಿ!"

"ಮದುವೇನ ಎರಡು ತುಂಡು ಮಾಡದಾ? ಬುಡ್ತು ಅನ್ನಮ್ಮ!" ಅವರ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. ಹಿಂದೆ ಯಾವುದೋ ಮದುವೆಯನ್ನು ಎರಡು ಕ್ಯಾಸೆಟ್ಟು ಮಾಡಿಕೊಟ್ಟಿದ್ದರಂತೆ, ಆ ಗಂಡ ಹೆಂಡತಿ ವರ್ಷ ತುಂಬುವುದರೊಳಗೆ ಬೇರೆಯಾದರಂತೆ. ಅಂದಿನಿಂದ ಒಂದು ಮದುವೆಗೆ ಒಂದೇ ಕ್ಯಾಸೆಟ್ಟು, ಈಗ ಒಂದೇ ಡಿಸ್ಕು. ಅಯ್ಯೋ ದೇವರೇ! ಸಾಫ್ಟ್‌ವೇರಿನ ಪ್ರಾಣವನ್ನು ಇಷ್ಟು ದಿನ ಹಿಂಡುತ್ತಿದ್ದದ್ದು ಇದಕ್ಕೋ?

ನಾನು ರೇಗಿದೆ. "ನಿಮ್ಮ ಪಂಕ್ತಿ ಏನು ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಕೂತೇ ಇರುತ್ತಾ? ಮೊದಲನೇದು ಎದ್ದು, ಎಲೆ ಎತ್ತಿ, ಒರೆಸಿದ ಮೇಲಲ್ವಾ ಎರಡನೇದು ಕೂರೋದು? ನಮ್ಮಮ್ಮ ಕೂತಿರೋದು ಎರಡನೇದ್ರಲ್ಲಿ. ಎಲೆ ಎತ್ತಿದ ಮೇಲೆ ಕತ್ತರಿಸಿದ್ರೆ ಯಾರನ್ನ ಎಬ್ಬಿಸಿದಂಗಾಯ್ತು ಹೇಳಿ?"

ಅವರು ಎರಡೂ ಕಣ್ಣು ತೆರೆದು ನನ್ನನ್ನು ನೋಡಿದರು. ಹಾಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಧಾರೆ, ತಾಳಿ ಎಲ್ಲಾ ಮೊದಲ್ನೇ ಡಿಸ್ಕಲ್ಲೇ ಮುಗ್ದೋಯ್ತದೆ," ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. "ಮದುವೆ ಅಲ್ಲಿಗೆ ಪೂರ್ತಿ ಆಯ್ತು. ಊಟ ಬೇರೆ. ಎಲೆ ಎತ್ತಿದ್ಮೇಲೆ ದೋಷ ಇಲ್ಲ ಬುಡು."

ಎರಡು ಡಿಸ್ಕಾಯಿತು. ಮುಖಗಳು ಮುಖಗಳಾಗಿಯೇ ಉಳಿದವು. ದಾರಿ ಉದ್ದವಾದಷ್ಟೂ ಹಿಂದೆ ಬೀಳುತ್ತಿದ್ದ ಶಬ್ದ, ಹೊಸ ಎಲೆ ಹಾಕಿದ ಕಡೆಯಿಂದ ಹೊರಟಾಗ ಚಿತ್ರದ ಜೊತೆ ಜೊತೆಗೇ ನಡೆಯಿತು.

ಅಮ್ಮ ಎಲೆಗೆ ಅಡ್ಡ ಕೈ ಹಿಡಿದಳು. "ಸಾಕು ಕಣಪ್ಪ, ಸಾಕು. ಮಗೂಗೆ ಹಾಕು." ನಾನು ಮೃದುವಾದ ಧ್ವನಿಯನ್ನು ಎಣಿಸಿಕೊಂಡಿದ್ದೆ. ಅದು ಒರಟು, ನನ್ನದೇ ಗಂಟಲು. ಲ್ಯಾಬಿನಲ್ಲಿ "ಕೈ ಬಿಗಿ ಹಿಡೀರಿ" ಎಂದು ನಾನು ಗದರುವ ಅದೇ ಧ್ವನಿ. ಅವಳು ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿ ಕೇಳಿದಳು, "ನಿಮ್ದು ಊಟ ಆಯ್ತಾ?"

ನಾನು ಅಲ್ಲಿಗೇ ನಿಲ್ಲಿಸಿದೆ. ಮತ್ತೆ ಹಾಕಿದೆ, ಮತ್ತೆ ಅಲ್ಲಿಗೇ ನಿಲ್ಲಿಸಿದೆ. ಕೂಗಿ ಅತ್ತೆ. ಅವರು ಗೋಡೆಯ ಕಡೆ ತಿರುಗಿಕೊಂಡು ಹೇಳಿದರು, "ಅವತ್ತು ನನ್ನ ಊಟ ಆಯ್ತಾ ಅಂತ ಕೇಳಿದ್ದು ನಿಮ್ಮಮ್ಮ ಒಬ್ರೇ ಕಣಮ್ಮ."

ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಲು ನೆಪವಿರಲಿಲ್ಲ. ಮಾರನೇ ವಾರವೇ ಹೋಗಿ, "ಮೊದಲನೇ ಡಿಸ್ಕ್ ಯಾಕೋ ತಡವರಿಸ್ತಿದೆ," ಎಂದೆ. ಅದು ಚೆನ್ನಾಗಿಯೇ ಓಡುತ್ತಿತ್ತು. ಅವರು ಹಾಕಿ ನೋಡಿದರು. ಒಂದು ಕಡೆಯೂ ನಿಲ್ಲಲಿಲ್ಲ. "ಹೌದು, ಒಸಿ ತಡವರಿಸ್ತದೆ," ಎಂದು ಹೇಳಿ ಟೀಗೆ ನೀರಿಟ್ಟರು. ಆಮೇಲೆ ಎಷ್ಟೋ ವರ್ಷ ಆ ಡಿಸ್ಕು ಹಾಗೇ ತಡವರಿಸಿತು. ಡಿಸ್ಕು ಹಾಕುವ ಜನವೇ ಇಲ್ಲವಾದರು, ಅವರ ಬಾಗಿಲಿಗೆ ಬರುವವಳು ನಾನೊಬ್ಬಳೇ ಉಳಿದೆ.

ಮೊನ್ನೆ ಬೇಸಿಗೆಯಲ್ಲಿ ಅವರು ಹೋದರು. ಮಲಗಿದ್ದ ಹಾಗೇ. ನಂಜನಗೂಡಿನ ಕಡೆಯಿಂದ ಅವರ ಅಣ್ಣನ ಮಗ ಬಂದು ಎಲ್ಲ ಮಾಡಿದ. ತಿಥಿಗೆ ಇಡಲು ಫೋಟೋ ಬೇಕಲ್ಲ, ಇಬ್ಬರೂ ಕಪಾಟು ಜಾಲಾಡಿದೆವು. ಊರಿನ ಅರ್ಧ ಜನರ ಮದುವೆ ಅಲ್ಲಿತ್ತು, ಅವರ ಒಂದು ಫೋಟೋ ಇರಲಿಲ್ಲ. ವೋಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ. ಅದರಲ್ಲಿ ಎರಡೂ ಕಣ್ಣು ತೆರೆದಿದ್ದವು. ಅವರಂತೆ ಕಾಣಲೇ ಇಲ್ಲ.

ಅಂದು ಸಂಜೆ ರೂಮಿಗೆ ಬಂದು, ಅದಕ್ಕೆಂದೇ ಇಟ್ಟುಕೊಂಡಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡನೇ ಡಿಸ್ಕು ಹಾಕಿದೆ. ಅಮ್ಮ ಕೇಳಿದಳು, "ನಿಮ್ದು ಊಟ ಆಯ್ತಾ?" ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದವಳು ಅವತ್ತು ಕೈ ಹಾಕಲಿಲ್ಲ. ಕ್ಯಾಮೆರಾದ ಹಿಂದಿನಿಂದ, ತೀರಾ ಹತ್ತಿರದಿಂದ, ಅವರ ಧ್ವನಿ ಬಂತು. "ನಂದು ಕಡೇ ಪಂಕ್ತಿ ಕಣಮ್ಮ." ಹುಡುಗನ ಧ್ವನಿ. ಹೆಗಲಿನ್ನೂ ಕುಸಿಯದ ಕಾಲದ್ದು.

ಕೊನೆಯ ತನಕ ನೋಡಿದೆ. ಎರಡನೇ ಪಂಕ್ತಿ ಎದ್ದಿತು, ಮೂರನೆಯದು ಕೂತು ಎದ್ದಿತು. ಎಲೆ ಎತ್ತಿದರು. ಅಲ್ಲಿಗೆ ಮುಗಿಯಿತು. ಕಡೇ ಪಂಕ್ತಿ ಆ ಡಿಸ್ಕಿನಲ್ಲಿ ಇಲ್ಲ, ಅದರಲ್ಲಿ ಅವರೇ ಊಟಕ್ಕೆ ಕೂತಿದ್ದರಲ್ಲ.

ತಿಥಿಯ ದಿನ ಔಟ್‌ಹೌಸಿನ ಮುಂದೆ ಚಾಪೆ ಹಾಸಿ ಎಲೆ ಹಾಕಿದ್ದರು. ಅಣ್ಣನ ಮಗ ನನ್ನನ್ನು ಕರೆದ, "ಬನ್ನಿ ಅಕ್ಕ, ಕೂತ್ಕೊಳ್ಳಿ."

"ನೀವೆಲ್ಲಾ ಮಾಡಿ," ಎಂದೆ. "ನಂದು ಕಡೇ ಪಂಕ್ತಿ."

ಅವನು ಹಾಕಿದ್ದ ಎಲೆಗಳನ್ನು ಒಮ್ಮೆ ನೋಡಿದ, ಬಂದಿದ್ದ ಜನರನ್ನು ಒಮ್ಮೆ ನೋಡಿದ. "ಇರೋದೇ ಒಂದು ಪಂಕ್ತಿ ಕಣಕ್ಕ," ಎಂದ.

ನಾನು ಹೋಗಿ ಕೂತೆ.