ಷಡ್ಡಕರ ಜೊತೆ ಕಲ್ಪೆಟ್ಟಕ್ಕೆ ಹೋದದ್ದು

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಮೈಸೂರಿನಲ್ಲಿ ಕಲ್ಲಿಕೋಟೆ ಬಸ್ಸು ಹತ್ತಿದೆವು. ನಾನು, ನನ್ನ ಷಡ್ಡಕ ಮಹದೇವಸ್ವಾಮಿ, ಗೋಣಿತಾಟಿನಲ್ಲಿ ಸುತ್ತಿದ ಒಂದು ತಕ್ಕಡಿ. ಕಲ್ಪೆಟ್ಟಕ್ಕೆ ತಲೆಗೆ ಹದಿನಾಲ್ಕು ರೂಪಾಯಿ ಚಿಲ್ಲರೆ. ನಾನು ತಕ್ಕಡಿಯನ್ನು ಸೀಟಿನ ಕೆಳಗೆ ತೂರಿಸಿ ಮೇಲೇಳುವಷ್ಟರಲ್ಲಿ ಷಡ್ಡಕರು ಕಿಟಕಿ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು. ಆದರೆ ಮಾವನವರ ಹಿರಿಯ ಮಗಳನ್ನು ಕಟ್ಟಿಕೊಂಡವರು ಅವರು, ಕಿರಿಯವಳನ್ನು ನಾನು. ಆದ್ದರಿಂದ ಮಾವನ ಮನೆಯಲ್ಲಿ ಅವರು ದೊಡ್ಡಳಿಯ. ಹಬ್ಬದಲ್ಲಿ ಮೊದಲ ಎಲೆ ಅವರಿಗೆ, ಅಗಲ ಅಂಚಿನ ಪಂಚೆಯೂ ಅವರಿಗೆ. ಯಾರು ಯಾರನ್ನು ಅಣ್ಣ ಎನ್ನಬೇಕೆಂಬುದು ಇಷ್ಟು ವರ್ಷವಾದರೂ ಇತ್ಯರ್ಥವಾಗದೆ, ಇಬ್ಬರೂ ಒಬ್ಬರನ್ನೊಬ್ಬರು 'ರೀ' ಎಂದುಕೊಂಡೇ ಕಾಲ ಹಾಕುತ್ತಿದ್ದೆವು.

ಮಾವನವರದು ತಕ್ಕಡಿ ಅಂಗಡಿ. ತಕ್ಕಡಿ, ತೂಕದ ಬಟ್ಟು, ಮೂಟೆ ತೂಗುವ ಯಂತ್ರ ಮಾರುತ್ತೇವೆ, ಕೆಟ್ಟರೆ ರಿಪೇರಿಯನ್ನೂ ಮಾಡುತ್ತೇವೆ. ಮುಂದುಗಡೆ ಗಲ್ಲಾ ಪಕ್ಕ ಕುರ್ಚಿ ಹಾಕಿಕೊಂಡು ಗಿರಾಕಿಗಳೊಡನೆ ನಗುನಗುತ್ತ ಮಾತಾಡುವವರು ಮಹದೇವಸ್ವಾಮಿ. ಹಿಂದಿನ ಕೋಣೆಯಲ್ಲಿ ಅರ ಹಿಡಿದು ದಂಡಿ ಸರಿಮಾಡುವವನು ನಾನು. ತಕ್ಕಡಿ ಚೆನ್ನಾಗಿ ನಡೆದರೆ ಗಿರಾಕಿ ಬಂದು ಅವರ ಕೈ ಕುಲುಕಿ ಹೋಗುತ್ತಾನೆ. ಹಿಂದಿನ ಕೋಣೆಗೆ ಯಾರೂ ಬಂದದ್ದಿಲ್ಲ.

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಕಲ್ಪೆಟ್ಟಕ್ಕೆ ಒಂದೊಂದಾಗಿ ಕಚೇರಿಗಳು ಬರುತ್ತಿದ್ದವು, ಅವುಗಳ ಬೆನ್ನಿಗೇ ಅಂಗಡಿಗಳು. ಒಳ್ಳೆಯ ತಕ್ಕಡಿ ಬೇಕೆಂದರೆ ಅಲ್ಲಿನ ಮೆಣಸು, ಕಾಫಿ ವ್ಯಾಪಾರಿಗಳು ಘಟ್ಟ ಇಳಿದು ಕಲ್ಲಿಕೋಟೆಗೆ ಹೋಗುತ್ತಿದ್ದರು. ಅಲ್ಲೊಂದು ಶಾಖೆ ತೆರೆಯುವ ಯೋಚನೆ ಮಾವನವರ ತಲೆಗೆ ಹೊಕ್ಕಿತು. "ಇಬ್ರೂ ಹೋಗಿ ಮಳಿಗೆ ನೋಡ್ಕಂಡು ಬನ್ನಿ. ಅಲ್ಲಿ ಯಾರು ನಿಲ್ಬೇಕು ಅಂತ ನೀವೇ ಮಾತಾಡ್ಕಳಿ, ನಾನು ಮಧ್ಯೆ ಬರಾಕಿಲ್ಲ" ಎಂದುಬಿಟ್ಟರು.

ನನಗೆ ಆ ಅಂಗಡಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಹೆಂಡತಿಗೂ ಹೇಳಿರಲಿಲ್ಲ. ರಸ್ತೆಗೆ ಮುಖ ಮಾಡಿದ ಒಂದು ಕುರ್ಚಿ, ಅದರಲ್ಲಿ ನಾನು, ದಾರಿಯಲ್ಲಿ ಹೋಗುವವರು ನನಗೆ ನಮಸ್ಕಾರ ಹಾಕುವುದು, ಇಷ್ಟನ್ನು ನಂಜನಗೂಡು ದಾಟುವಷ್ಟರಲ್ಲಿ ನಾಲ್ಕು ಸಲ ಕಣ್ಮುಂದೆ ತಂದುಕೊಂಡಿದ್ದೆ. ಷಡ್ಡಕರಿಗೆ ಅದು ಬೇಕೋ ಬೇಡವೋ ಗೊತ್ತಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸು ತಿಂಡಿಗೆ ನಿಂತಿತು. ಇಡ್ಲಿ ತಣ್ಣಗಿತ್ತು, ಚಟ್ನಿ ನೀರಾಗಿತ್ತು. ನನ್ನ ತಟ್ಟೆಯಲ್ಲಿ ಎಂದು ಹೇಳಬೇಕು, ಏಕೆಂದರೆ ಷಡ್ಡಕರು ಅಡುಗೆಮನೆಯ ಬಾಗಿಲಿಗೇ ಹೋಗಿ ಬಿಸಿ ಇಡ್ಲಿ ಹಾಕಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಕಾಡು. ಬಿದಿರ ಮೆಳೆಗಳು ರಸ್ತೆಯ ಮೇಲೆ ಬಾಗಿದ್ದವು, ಚಳಿಗಾಳಿಗೆ ಶಾಲು ಹೊದ್ದುಕೊಂಡೆ. ಪೊನ್ಕುಳಿಯ ದೇವಸ್ಥಾನದ ಎದುರು ಚಾಲಕ ಬಸ್ಸನ್ನು ನಿಧಾನ ಮಾಡಿ ಕೈಮುಗಿದ. ಆ ಹೊತ್ತಿಗೆ ಷಡ್ಡಕರು ಮುಂದಿನ ಸೀಟಿನ ಮಲಯಾಳಿ ಅಧ್ಯಾಪಕರಿಂದ ಹತ್ತಿಪ್ಪತ್ತು ಮಲಯಾಳ ಪದ ಕಲಿತಾಗಿತ್ತು. ಸುಲ್ತಾನ್ ಬತ್ತೇರಿಯಲ್ಲಿ ಇಳಿದು ಹೋಗುವಾಗ ಆ ಅಧ್ಯಾಪಕರು ಅವರ ಭುಜ ತಟ್ಟಿದರು, ನನ್ನತ್ತ ತಲೆಯನ್ನೂ ಆಡಿಸಲಿಲ್ಲ.

ಕಲ್ಪೆಟ್ಟ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹೆದ್ದಾರಿಯೇ ಪೇಟೆ. ಬಾಡಿಗೆ ಮನೆಗಳಿಗೆ ಸರ್ಕಾರಿ ಫಲಕ ಹಾಕಿದ್ದರು, ಒಂದು ಫಲಕದ ಬಣ್ಣ ಇನ್ನೂ ಹಸಿಯಾಗಿತ್ತು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದು ಕೆಳಗಿನ ಹೋಟೆಲಿಗೆ ಹೋದೆವು. ಮೀನು ಮಾಂಸವಿಲ್ಲದ ಊಟ ಎಂದು ಕೈಸನ್ನೆ ಮಾಡಿ ಕೇಳಿದ್ದಕ್ಕೆ ದಪ್ಪ ಕುಸುಬಲಕ್ಕಿ ಅನ್ನ, ಕುಂಬಳಕಾಯಿ ಪಲ್ಯ, ಮಜ್ಜಿಗೆ ಹುಳಿ ಬಂದವು. ಕುಡಿಯಲು ಜೀರಿಗೆ ಹಾಕಿ ಕಾಯಿಸಿದ ಬಿಸಿನೀರು. ಊಟ ನನಗೆ ಹಿಡಿಸಿತು. ಆದರೆ ಷಡ್ಡಕರು ಬಸ್ಸಿನಲ್ಲಿ ಕಲಿತ ಪದಗಳಲ್ಲಿ ಒಂದನ್ನು ಎಸೆದು ಮೂರು ಹಪ್ಪಳ ಗಿಟ್ಟಿಸಿಕೊಂಡದ್ದನ್ನು ನೋಡಿದ ಮೇಲೆ ನನ್ನ ಒಂದು ಹಪ್ಪಳ ಮೆತ್ತಗಿದ್ದಂತೆ ಕಂಡಿತು.

ಮಳಿಗೆಯ ಯಜಮಾನರು ರಾಮಣ್ಣ. ಅವರ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಎತ್ತು ಕಟ್ಟಿಕೊಂಡು ಕಾಡು ದಾಟಿ ಬಂದವರಂತೆ. ಈಗ ಇವರಿಗೆ ಊರಾಚೆ ಗದ್ದೆ, ಕಾಫಿ ತೋಟ, ಪೇಟೆಯಲ್ಲಿ ಮೆಣಸಿನ ವ್ಯಾಪಾರ. ಮನೆಯಲ್ಲಿ ಕನ್ನಡ, ಹೊರಗೆಲ್ಲ ಮಲಯಾಳ. ಮರುದಿನ ಬೆಳಿಗ್ಗೆ ಅವರ ಗೋದಾಮಿನಲ್ಲಿ ನಮ್ಮ ತಕ್ಕಡಿ ಬಿಚ್ಚಿ ಕಟ್ಟಿ ತೋರಿಸಿದೆವು. ಷಡ್ಡಕರು ಮಾತಾಡಿದರು, ನಾನು ಕಟ್ಟಿದೆ. ಮೂಲೆಯಲ್ಲಿ ರಾಮಣ್ಣನವರ ಹಳೆಯ ಮೂಟೆ ತೂಗುವ ಯಂತ್ರ ಸರಿಯಾಗಿ ನಿಲ್ಲದೆ ತೂಗಾಡುತ್ತಿತ್ತು. ಅದನ್ನೂ ಅರ್ಧ ಗಂಟೆ ಕೂತು ಸರಿಮಾಡಿಕೊಟ್ಟೆ.

"ನಿಂಗ ಕೈಕೆಲಸದವ್ರು, ನಲ್ಲದು" ಎಂದರು ರಾಮಣ್ಣ. ನೀವು ಕೈಕೆಲಸ ಬಲ್ಲವರು, ಒಳ್ಳೆಯದು ಎಂದರ್ಥ. ಇಬ್ಬರ ಪೈಕಿ ನನ್ನನ್ನು ಮಾತ್ರ ನೋಡಿ ಹೇಳಿದ್ದು ಅದು. ಆ ಮಾತನ್ನು ಷಡ್ಡಕರೂ ಕೇಳಿಸಿಕೊಂಡರೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವರು ಮೆಣಸಿನ ಕಾಳು ಬಾಯಿಗೆ ಹಾಕಿಕೊಂಡು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ರಾಮಣ್ಣನವರ ಹೆಂಡತಿ ಲಕ್ಷ್ಮಮ್ಮ ಎಲೆ ಹಾಕಿ ಮೊದಲು ಬೇಯಿಸಿದ ಮರಗೆಣಸು ಬಡಿಸಿದರು. ಅದಕ್ಕೆ ಸಣ್ಣ ಕಾಡುಮೆಣಸಿನಕಾಯಿ, ಚಿಕ್ಕ ಈರುಳ್ಳಿ ಕುಟ್ಟಿ ಕೊಬ್ಬರಿ ಎಣ್ಣೆ ಹಾಕಿದ ಚಟ್ನಿ. ಅಂಥ ರುಚಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡನೇ ಸುತ್ತು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ ತಾಯಿ, ಬೇಡ, ಸಾಕು" ಎಂದೆ. ಲಕ್ಷ್ಮಮ್ಮ ಪಾತ್ರೆ ಎತ್ತಿಕೊಂಡು ಮುಂದೆ ಹೋದರು.

ನಮ್ಮ ಕಡೆಯ ಉಪಚಾರ ಓದುಗರಿಗೆ ಗೊತ್ತೇ ಇದೆ. ಬೇಡ ಎನ್ನುವುದು ತಿನ್ನುವವನ ಮರ್ಯಾದೆ, ಕೈ ಸರಿಸಿ ಬಡಿಸುವುದು ಬಡಿಸುವವರ ಮರ್ಯಾದೆ. ಎರಡು ಸಲ ಬೇಡ ಅಂದು ಮೂರನೇ ಸಲ ಹಾಕಿಸಿಕೊಂಡರೆ ಇಬ್ಬರಿಗೂ ತೃಪ್ತಿ. ಮೊದಲ ಸಲಕ್ಕೇ ಬಾಚಿಕೊಳ್ಳುವವನನ್ನು ನಮ್ಮಮ್ಮ ಹೊಟ್ಟೆಬಾಕ ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ಮಹದೇವಸ್ವಾಮಿ ಹುಟ್ಟಾ ಹೊಟ್ಟೆಬಾಕ. "ಹಾಕಿ ಅಕ್ಕ, ಹಾಕಿ" ಎಂದು ಎಲೆಯನ್ನೇ ಮುಂದಕ್ಕೆ ತಳ್ಳಿದರು. ಆಮೇಲೆ ಬಂದ ಹೆಸರುಬೇಳೆ, ತೆಂಗಿನ ಹಾಲು, ಬೆಲ್ಲದ ಪಾಯಸವನ್ನು ಮೂರು ಲೋಟ ಕುಡಿದರು. ಎರಡನೇ ಲೋಟಕ್ಕೂ ನಾನು ಬೇಡ ಎಂದಿದ್ದೆ. ನನ್ನ ಲೋಟ ಒಂದಕ್ಕೇ ನಿಂತಿತು.

ಕೈ ತೊಳೆಯುವಾಗ ರಾಮಣ್ಣನವರಿಗೆ ನಗುತ್ತಲೇ ಹೇಳಿದೆ, "ನಮ್ಮ ಕಡೆ ಒತ್ತಾಯ ಮಾಡಿ ಬಡಿಸ್ತಾರೆ" ಎಂದು.

"ಇಲ್ಲಿಗೆ ಬಂದ ಕಾಲಕ್ಕೆ ಅಜ್ಜನ್ಗೆ ಅಕ್ಕಿ ಎಲ್ಲಿತ್ತು?" ಎಂದರು ಅವರು. "ಬೇಕಾದವ್ನು ಬೇಕು ಅನ್ಬೇಕು, ಬೇಡಾಂದವ್ನ ಪಾಲು ಇನ್ನೊಬ್ಬನ್ಗೆ. ಅದೇ ಶೀಲ ಆಗೋಯ್ತು ನಮ್ಗೆ. ಹಸಿವಾದ್ರೆ ಹೇಳಿ, ಕುಳಪ್ಪ ಇಲ್ಲ."

ಶೀಲ ಎಂದರೆ ಅಲ್ಲಿ ರೂಢಿ, ಕುಳಪ್ಪ ಇಲ್ಲ ಎಂದರೆ ತೊಂದರೆಯಿಲ್ಲ. ನಮ್ಮ ಭಾಷೆ ಉಳಿಸಿಕೊಂಡು ನಮ್ಮ ಉಪಚಾರ ಬಿಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಹೊಟ್ಟೆ ತುಂಬಿದೆ ಎಂದೆ.

ಮೂರನೇ ದಿನ ಮಳಿಗೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಸಂಜೆವರೆಗೆ ನಮಗೆ ಕೆಲಸವಿರಲಿಲ್ಲ. ವೈತ್ತಿರಿ ಬಸ್ಸು ಹಿಡಿದು ಪೂಕೋಡು ಕೆರೆಗೆ ಹೋದೆವು. ಸುತ್ತ ಕಾಡು, ಮಧ್ಯೆ ನೀಲಿ ನೈದಿಲೆ, ನೀರಿನ ಮೇಲೆ ಮಂಜು. ದಡದಲ್ಲಿ ನಡೆಯುವಾಗ ಎಂಥವನಿಗೂ ಮನಸ್ಸು ತಿಳಿಯಾಗಬೇಕು. ನಾನು ಮಾತ್ರ ಷಡ್ಡಕರು ಏನು ಯೋಚಿಸುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. "ಚಳಿ ಜಾಸ್ತಿ ಅಲ್ವೇನ್ರೀ?" ಎಂದು ಕೇಳಿ ನೋಡಿದೆ. ಜಾಸ್ತಿ ಎಂದರೆ ಇಲ್ಲಿ ನಿಲ್ಲುವ ಮನಸ್ಸಿಲ್ಲವೆಂದು ಅರ್ಥ ಮಾಡಿಕೊಳ್ಳಬಹುದಿತ್ತು. "ಹಿತವಾಗೈತೆ" ಎಂದರು. ನನಗೆ ಆ ಕೆರೆಯ ಮೇಲೇ ಸಿಟ್ಟು ಬಂತು.

ಅಲ್ಲಿಂದ ಲಕ್ಕಿಡಿಗೆ. ಘಟ್ಟದ ತುದಿ ಅದು, ಕೆಳಗೆ ಕಲ್ಲಿಕೋಟೆಯ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ನಾವು ಹೋದಾಗ ಬರೀ ಮಂಜು, ಮುಂದೆ ನಿಂತ ಲಾರಿಯೂ ಕಾಣದು. ಚಹದಂಗಡಿಯಲ್ಲಿ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದರು. ಇಬ್ಬರಿಗೂ ತರೋಣವೆಂದು ನಾನೇ ಹೋದೆ. ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಮಂಜು ಸರಿದು ಮತ್ತೆ ಮುಚ್ಚಿಕೊಂಡಿತ್ತಂತೆ. "ಅಬ್ಬಾ, ಸಮುದ್ರದವರೆಗೂ ಕಂಡ್ತು ರೀ, ನೀವು ಇರ್ಬೇಕಿತ್ತು" ಎಂದರು ಷಡ್ಡಕರು. ಆಮೇಲೆ ಒಂದು ಗಂಟೆ ಕಾದರೂ ನನಗೆ ಏನೂ ಕಾಣಲಿಲ್ಲ. ಬಾಳೆಹಣ್ಣು ಚೆನ್ನಾಗಿತ್ತು, ಆದರೆ ಹೊಟ್ಟೆಯ ಉರಿ ಬಿಸಿ ಬಾಳೆಹಣ್ಣಿಗೆ ಆರುವಂಥದ್ದಲ್ಲ.

ಸಂಜೆ ಮಳಿಗೆಗೆ ಬಂದೆವು. ಪೇಟೆಯ ನಡುವೆ, ರಸ್ತೆಗೆ ಮುಖ, ಹಿಂದುಗಡೆ ರಿಪೇರಿಗೆ ಬೆಳಕಿರುವ ಕೋಣೆ. ಕಿಟಕಿಯಿರುವ ರಿಪೇರಿ ಕೋಣೆ! ಕುರ್ಚಿ ಎಲ್ಲಿಡಬೇಕು, ಫಲಕ ಎಲ್ಲಿ ತೂಗುಹಾಕಬೇಕು ಎಂದು ಕಣ್ಣಳತೆ ಮಾಡಿಕೊಂಡೆ. ಮಾವನವರು ಕೊಟ್ಟಿದ್ದ ಮುಂಗಡವನ್ನು ಷಡ್ಡಕರು ಒಪ್ಪಿಸಿದರು. ರಾಮಣ್ಣ ಜೇಬಿನಿಂದ ಕೀಲಿಕೈ ತೆಗೆದರು. ಅವರ ಬಾಯಲ್ಲಿ ಅಂಗಡಿ ಪೀಡಿಗೆ, ಕೀಲಿಕೈ ತಾಕೋಲು.

"ಪೀಡಿಗೆಗೆ ಯಾರು ಕೂರೋದು? ತಾಕೋಲು ಯಾರ ಕೈಗೆ ಕೊಡ್ಲಿ?" ಎಂದು ಕೇಳಿ, ಕೀಲಿಕೈಯನ್ನು ನನ್ನ ಕಡೆಗೇ ಚಾಚಿದರು. "ನಿಂಗ ಕೂತ್ರೆ ನಲ್ಲದು ಅಂತ ನಂಗೆ."

ಬೇಕು ಎನ್ನಲು ಬಾಯಿ ತೆರೆದೆ. ಆದರೆ ದೊಡ್ಡಳಿಯ ಪಕ್ಕದಲ್ಲಿ ನಿಂತಿರುವಾಗ ಚಿಕ್ಕಳಿಯ ಕೈ ಚಾಚಿ ಕಸಿದುಕೊಳ್ಳುವುದೆಂದರೇನು? ಒಂದು ಸಲವಾದರೂ ಬೇಡ ಎನ್ನಬೇಡವೇ? "ನಾನಾ? ಛೆ ಛೆ, ಅವರಿರುವಾಗ ನಂದೇನು, ಅವರೇ ಇರ್ಲಿ" ಎಂದೆ. ಇನ್ನು ಷಡ್ಡಕರು 'ಇಲ್ಲ ಇಲ್ಲ, ನೀವೇ' ಎನ್ನುತ್ತಾರೆ, ನಾನು ಒಂದಿಷ್ಟು ಹಿಂದೆಮುಂದೆ ನೋಡಿ ಒಪ್ಪಿಕೊಳ್ಳುತ್ತೇನೆ ಎಂದು ನೆಲ ನೋಡುತ್ತ ನಿಂತೆ.

"ಶರಿ" ಎಂದರು ರಾಮಣ್ಣ. ಕೀಲಿಕೈ ಮಹದೇವಸ್ವಾಮಿಯ ಕೈಗೆ ಹೋಯಿತು. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ "ಆಗ್ಲಿ" ಎಂದರು. ಅಷ್ಟೇ.

ರಾಮಣ್ಣನವರನ್ನು ನಾನು ದೂರುವುದಿಲ್ಲ. ಅವರ ರೂಢಿಯನ್ನು ಅವರು ಹಿಂದಿನ ದಿನವೇ ಹೇಳಿದ್ದರು. ಆದರೆ ಮಹದೇವಸ್ವಾಮಿ ನಮ್ಮ ಕಡೆಯವರು, ನಮ್ಮ ಮಾವನ ಅಳಿಯ. ನನ್ನ ಬೇಡ ಎಂಥ ಬೇಡ ಎಂದು ಅವರಿಗೆ ಗೊತ್ತಿಲ್ಲವೇ? ಆ ರಾತ್ರಿ ಊಟಕ್ಕೆ ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು ಇತ್ತು. ನಾನು ನುಂಗಿದೆ, ರುಚಿ ಹೇಗಿತ್ತೆಂದು ಬರೆಯಲಾರೆ. ಷಡ್ಡಕರು ಅಂಗಡಿಗೆ ಯಾವ ಬಣ್ಣದ ಬಾಗಿಲು ಎಂದು ನನ್ನನ್ನೇ ಕೇಳಿದರು. ಹಸಿರು ಎಂದೆ, ಏಕೆಂದರೆ ನಾನು ನನಗೆ ಆರಿಸಿಕೊಂಡಿದ್ದುದು ಹಸಿರೇ.

ಮರುದಿನ ಬೆಳಿಗ್ಗೆ ನಾನೊಬ್ಬನೇ ಮೈಸೂರಿಗೆ ಹೊರಟೆ. ಸುಣ್ಣ, ಬಾಗಿಲು ನೋಡಿಕೊಂಡು ಅವರು ಎರಡು ದಿನ ನಿಲ್ಲುವವರಿದ್ದರು. ಬಸ್ ನಿಲ್ದಾಣದವರೆಗೆ ನನ್ನ ಚೀಲ ಹೊತ್ತು ತಂದರು. ಈ ಸಲ ಕಿಟಕಿ ಪಕ್ಕದ ಸೀಟು ನನ್ನದು. ಅವರು ಹೊರಗೆ ನಿಂತು ಸರಳು ಹಿಡಿದುಕೊಂಡರು.

"ರೀ, ನಿಮಗೆ ಅಂಗಡಿ ಬೇಕಿತ್ತಾ?" ಎಂದು ಕೇಳಿದರು. "ನೆನ್ನೆಯಿಂದ ನಿಮ್ಮ ಮುಖ ಸರಿಗಿಲ್ಲ. ನನಗೆ ಮೈಸೂರೂ ಒಂದೇ, ಇದೂ ಒಂದೇ. ಬೇಕಿದ್ರೆ ಇಳೀರಿ, ನಾನು ಈ ಬಸ್ಸಲ್ಲೇ ಹೋಗ್ತೀನಿ. ಮಾವನ್ಗೆ ನಾನು ಹೇಳ್ಕತೀನಿ."

ಕೀಲಿಕೈಯನ್ನು ಕಿಟಕಿಯ ಸರಳಿನ ನಡುವೆ ಒಳಗೆ ಚಾಚಿದರು. ಅದು ನನ್ನ ಮೂಗಿನ ಮುಂದೆಯೇ ಇತ್ತು.

"ಛೆ, ಎಲ್ಲಾದ್ರೂ ಉಂಟೇನ್ರೀ! ನೀವೇ ಇಟ್ಕೊಳಿ" ಎಂದಿತು ನನ್ನ ಬಾಯಿ.

ಇನ್ನೊಂದು ಸಲ ಕೇಳಲಿ ಎಂದು ಕಾದೆ. ಒಂದೇ ಒಂದು ಸಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರೂ ಕಾಯುತ್ತಿದ್ದರೆಂದು ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಗಂಟೆ ಹೊಡೆಯಿತು, ಅವರ ಕೈ ಹಿಂದೆ ಸರಿಯಿತು. ಕುತ್ತಿಗೆ ಹೊರಚಾಚಿ ನೋಡಿದೆ. ಮಹದೇವಸ್ವಾಮಿ ಕೀಲಿಕೈ ಜೇಬಿಗೆ ಹಾಕಿಕೊಂಡು ರಸ್ತೆ ದಾಟುತ್ತಿದ್ದರು.

"ಬೇಕು" ಎಂದೆ. ಗಟ್ಟಿಯಾಗಿಯೇ ಎಂದೆ.

ಏನು ಬೇಕೆಂದು ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ಕೇಳಿದ.

ಮೈಸೂರಿಗೆ ಒಂದು ಟಿಕೆಟ್ ಎಂದೆ.