ಕ್ಯಾಪಿನ ಎದುರಿನ ಹಲ್ಲು

ಮಜ್ಜಿಗೆ ಕುಡಿದಾಗ ಕೆಳಗಿನ ದವಡೆಹಲ್ಲು ಜುಮ್ಮೆಂದಿತು. ನನಗೆ ಆಶ್ಚರ್ಯ. ಚಿಕಿತ್ಸೆ ಆದದ್ದು ಮೇಲಿನ ಹಲ್ಲಿಗೆ. ರೂಟ್ ಕೆನಾಲ್ ಮಾಡಿಸಿ, ಜಿರ್ಕೋನಿಯಾ ಕ್ಯಾಪ್ ಹಾಕಿಸಿ ಕೆಲವು ತಿಂಗಳಾಗಿತ್ತು. ಅದು ಗುಂಡುಕಲ್ಲಿನ ಹಾಗೆ ಕೂತಿತ್ತು. ನೋವು ಶುರುವಾದದ್ದು ಎಂದೂ ತಕರಾರು ಮಾಡದ ನನ್ನ ಸ್ವಂತ ಹಲ್ಲಿಗೆ.

ಆ ಬದಿಯಲ್ಲಿ ಕೆಳಗೆ ಉಳಿದಿರುವ ದವಡೆಹಲ್ಲು ಅದೊಂದೇ.

ಅನ್ನ ಅಗಿದರೆ ತಲೆವರೆಗೆ ಸೆಳೆತ. ಕಡಬದ ನಮ್ಮ ಮನೆಯಲ್ಲಿ ಗಂಜಿಯೇ ಊಟವಾಯಿತು. ಕೊನೆಗೆ ನನ್ನವರು ಪುತ್ತೂರಿಗೆ, ಕ್ಯಾಪ್ ಹಾಕಿದ್ದ ಡಾಕ್ಟರಮ್ಮನ ಹತ್ತಿರವೇ ಕರೆದುಕೊಂಡು ಹೋದರು.

"ನಿಮ್ಮ ಕ್ಯಾಪ್ ಕೆಳಗಿನ ಹಲ್ಲನ್ನು ಅರೆಯುತ್ತಾ ಉಂಟು" ಎಂದರು ಡಾಕ್ಟರ್.

"ಅದು ಭಾರೀ ಗಟ್ಟಿ ಅಂತ ನೀವೇ ಹೇಳಿದ್ದಲ್ವಾ?" ನನ್ನವರು ಕೇಳಿದರು.

"ಗಟ್ಟಿ ಇರುದು ತೊಂದರೆ ಅಲ್ಲ, ಒರಟು ಇರುದು ತೊಂದರೆ. ಕ್ಯಾಪ್ ಹಾಕಿದ ದಿನ ಎತ್ತರ ಆಯ್ತು ಅಂತ ಅದನ್ನು ಉಜ್ಜಿ ತಗ್ಗಿಸಿದ್ದೆ. ಪಾಲಿಶ್ ಮಾಡ್ಲಿಕ್ಕೆ ಉಂಟು ಅನ್ನುವಾಗ ನೀವು ಎದ್ದು ಹೋದ್ರಿ."

ಹೌದು, ಹೋಗಿದ್ದೆವು. ನನ್ನವರು ಕಂಡಕ್ಟರಿಗೆ ಹೇಳಿ ನಮ್ಮೂರಿನ ಬಸ್ಸನ್ನೇ ಕಾಯಿಸಿದ್ದರು. ನಮ್ಮ ಕಡೆ ಅದು ನಡೆಯುತ್ತದೆ. ಗುರುತಿನವರಿಗಾಗಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟು ಜನ ನಮಗಾಗಿ ಕೂತಿದ್ದಾರೆಂಬ ನಾಚಿಕೆ. "ಪಾಲಿಶ್ ಎಲ್ಲ ಚಂದಕ್ಕೆ. ಒಳಗಿನ ಹಲ್ಲು ಯಾರು ನೋಡುದು?" ಎಂದಿದ್ದರು ಅವರು. ಮತ್ತೆ ಬರುತ್ತೇವೆಂದು ಹೇಳಿ ಹೊರಟೆವು. ಬಾಯಿ ಸುಮ್ಮನಿದ್ದರೆ ಡಾಕ್ಟರ ನೆನಪು ಯಾರಿಗಾಗುತ್ತದೆ?

ಉಜ್ಜಿದ ಗೀರುಗಳು ಹಾಗೇ ಉಳಿದರೆ ಎದುರಿನ ಹಲ್ಲು ಸವೆಯುತ್ತದಂತೆ. ಆ ಗೀರಿನಿಂದಲೇ ಮುಂದೆ ಕ್ಯಾಪ್ ಬಿರುಕು ಬಿಡಲೂಬಹುದಂತೆ. ಬಿರುಕಿದ್ದರೆ ಕ್ಯಾಪನ್ನು ಕತ್ತರಿಸಿ ತೆಗೆಯಬೇಕು. ಕೆಳಗಿನ ಹಲ್ಲಿನ ನರ ಸತ್ತಿದ್ದರೆ ಅದಕ್ಕೂ ರೂಟ್ ಕೆನಾಲ್. ಕೇಳಿ ನನಗೆ ಅಳುವೇ ಬಂತು. ಈ ವಯಸ್ಸಿನಲ್ಲಿ, ಒಂದು ಹಲ್ಲಿಗಾಗಿ!

ಡಾಕ್ಟರ್ ಆ ಹಲ್ಲಿಗೆ ತಣ್ಣಗಿನ ಹತ್ತಿ ಮುಟ್ಟಿಸಿದರು. ನಾನು ಕೂಗಿದೆ.

"ನೋವಾಯ್ತಾ? ಒಳ್ಳೇದಾಯ್ತು. ಜೀವ ಉಂಟು."

ನೋವಾದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಎಕ್ಸ್-ರೇ ತೆಗೆದರು. ಕ್ಯಾಪಿಗೆ ಬೆಳಕು ಹಿಡಿದು ನೋಡಿದರು, ಬಿರುಕು ಕಾಣಲಿಲ್ಲ. ಆಮೇಲೆ ಸಣ್ಣ ರಬ್ಬರ್ ಚಕ್ರಗಳಿಂದ, ಒಂದಾದ ಮೇಲೆ ಇನ್ನೂ ನಯವಾದದ್ದರಿಂದ, ಕೊನೆಗೆ ಪೇಸ್ಟ್ ಹಚ್ಚಿ ನಿಧಾನವಾಗಿ ಪಾಲಿಶ್ ಮಾಡಿದರು. ನನ್ನವರು ನನ್ನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾಲಗೆ ಆಡಿಸಿದೆ. ಬಳೆಯಷ್ಟು ನುಣುಪು. ಕೆಳಗಿನ ಹಲ್ಲಿಗೆ ತೆಳುವಾಗಿ ಫಿಲ್ಲಿಂಗ್ ಮಾಡಿದರು.

"ಸವೆದದ್ದು ಪುನಃ ಬೆಳಿಯುದಿಲ್ಲ. ಇದ್ದದ್ದನ್ನು ಉಳಿಸುವ. ತೋರಿಸ್ಲಿಕ್ಕೆ ಆಗಾಗ ಬನ್ನಿ."

ಜುಮ್ಮೆನ್ನುವುದು ಮೆಲ್ಲನೆ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಒಂದು ಭಾನುವಾರ ಕೋರಿರೊಟ್ಟಿ ತಿನ್ನಬೇಕೆಂದೆ. ನನ್ನವರು ಗರಿಗರಿ ರೊಟ್ಟಿಯನ್ನು ಕೋಳಿಸಾರಿನಲ್ಲಿ ಮುದ್ದೆಯಾಗುವಷ್ಟು ನೆನೆಸಿ ಕೊಟ್ಟರು. ನೋಡಿದರೆ ಅವರ ಬಟ್ಟಲಲ್ಲೂ ಅದೇ ಮುದ್ದೆ.

"ನಿಮಗೆಂತ ಆದದ್ದು ಮಾರಾಯ್ರೆ? ನಿಮ್ಮ ಹಲ್ಲು ಸರಿ ಉಂಟಲ್ಲ?"

"ನೀನು ಮೆತ್ತಗೆ ತಿನ್ನುವಾಗ ನಾನು ಎದುರು ಕೂತು ಕಟಕಟ ಅಗಿಯುದು ಹೇಗೆ?"

ನಾನು ಒಣ ರೊಟ್ಟಿಯ ಒಂದು ಚೂರು ಮುರಿದು, ಆ ಬದಿಯಲ್ಲೇ ಇಟ್ಟು ಕಚ್ಚಿದೆ. ಕಟಕ್ಕೆಂದಿತು. ಅವರು ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಗಿದು, ನುಂಗಿ, ನಕ್ಕ ಮೇಲೆಯೇ ಅವರು ಒಣ ರೊಟ್ಟಿಗೆ ಕೈ ಹಾಕಿದರು.