ತುಂಗಕ್ಕನ ಡ್ಯೂಟಿ

ತುಂಗಕ್ಕನ ದನಿ ಯಾವಾಗಲೂ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಅದರ ಗುಟ್ಟು ನನಗೆ ತಿಳಿದದ್ದು ಆಮೇಲೆ. ಅವರು ಫೋನಿನ ಸ್ಪೀಕರ್ ಹಾಕಿ, ಅದನ್ನು ಒಂದು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿ, ಚೊಂಬಿನ ಬಾಯಿಗೆ ಬಗ್ಗಿ ಮಾತಾಡುತ್ತಿದ್ದರು. ಹಾಗೆ ಮಾಡಿದರೆ ಆ ಕಡೆಯವರ ಮಾತು ದೊಡ್ಡದಾಗಿ ಕೇಳುತ್ತದೆ, ಕೈಯೂ ಖಾಲಿ ಇರುತ್ತದೆ, ಸೊಪ್ಪು ಬಿಡಿಸಬಹುದು ಎನ್ನುವುದು ಅವರ ವಾದ. ಒಂದೂವರೆ ವರ್ಷ, ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ನಾನು ಆ ಚೊಂಬಿನ ಜೊತೆ ಮಾತಾಡಿದ್ದೇನೆ. ಅವರನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಎರಡನೇ ಸಲ ಅವರು ಮಾತಾಡಲಿಲ್ಲ.

ನಾವು ನೋಯ್ಡಾಕ್ಕೆ ಬಂದದ್ದು ನಮ್ಮವರ ಕೆಲಸದ ದೆಸೆಯಿಂದ. ತಿಂಗಳಲ್ಲಿ ಇಪ್ಪತ್ತು ದಿನ ಅವರು ಯಾವುದೋ ಸೈಟಿನಲ್ಲಿರುತ್ತಾರೆ. ಮಗಳು ಪುಣೆಯ ಹಾಸ್ಟೆಲಿನಲ್ಲಿ. ಮೈಸೂರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಕ್ಕಳ ಗಲಾಟೆಯ ನಡುವೆ ಕೂಗಾಡಿ ಬದುಕಿದ್ದ ನಾನು ಹದಿನಾಲ್ಕನೇ ಮಹಡಿಯಲ್ಲಿ ಸುಮ್ಮನೆ ಕೂತೆ. ಲಿಫ್ಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಮಹಡಿಯ ನಂಬರನ್ನೇ ನೋಡುತ್ತಾರೆ. 'ಭಯ್ಯಾ, ಬಾಗಿಲ ಹತ್ತಿರ ಇಟ್ಟುಬಿಡಿ' ಎಂದು ಹಿಂದಿಯಲ್ಲಿ ಹೇಳಿದ್ದೇ ಇಡೀ ದಿನದ ಮಾತಾದ ದಿನಗಳೂ ಉಂಟು. ಇದಕ್ಕೆ ಒಂಟಿತನ ಎನ್ನುತ್ತಾರೆ ಎಂದು ನಾನು ಒಪ್ಪಿಕೊಂಡಿರಲಿಲ್ಲ. ಯಾರು ಕೇಳಿದರೂ ಆರಾಮಾಗಿದ್ದೇನೆ ಎನ್ನುತ್ತಿದ್ದೆ.

ದೆಹಲಿಯ ಕಿದ್ವಾಯಿ ನಗರದಲ್ಲಿ ಕನ್ನಡದ ಹೆಂಗಸರದೊಂದು ಕಲ್ಯಾಣ ಸಂಘವಿದೆ. ತಿಂಗಳಿಗೊಂದು ಭಾನುವಾರ ಯೋಗ, ಬಿಪಿ ಮತ್ತು ಶುಗರ್ ತಪಾಸಣೆ, ಮಂಡಿನೋವಿನ ಬಗ್ಗೆ ಡಾಕ್ಟರರ ಭಾಷಣ, ಕೊನೆಗೆ ಚಿತ್ರಾನ್ನ. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ಚಿತ್ರಾನ್ನಕ್ಕೆ. ಅಲ್ಲಿನ ಕಾರ್ಯದರ್ಶಿ ಸುಮಿತ್ರಾ, ಮಂಡ್ಯ ಕಡೆಯವರು, ಒಂದು ದಿನ ನನ್ನನ್ನು ಮೂಲೆಗೆ ಕರೆದರು.

"ದಿನಕ್ಕೊಂದು ಕರೆ ಅಂತ ಶುರು ಮಾಡ್ತಿದೀವಿ ರೀ. ಒಬ್ಬೊಬ್ಬರೇ ಇರೋರಿಗೆ ಫೋನ್ ಮಾಡಿ ಮಾತಾಡ್ಸೋದು, ಅಷ್ಟೇ. ದೆಹಲಿಯ ಆ ತುದಿ, ರೋಹಿಣಿಯಲ್ಲಿ ತುಂಗಾಬಾಯಿ ಅಂತ ಇದಾರೆ, ಎಪ್ಪತ್ತನಾಲ್ಕು ವರ್ಷ. ಸೋಮ, ಬುಧ, ಶುಕ್ರ ನೀವು ಮಾಡಿ. ಮಿಕ್ಕ ಮೂರು ದಿನ ಅವರೇ ಮಾಡ್ಲಿ, ಇಲ್ಲಾಂದ್ರೆ ಸಂಕೋಚ ಪಟ್ಕೋತಾರೆ."

ಕೇಳಬೇಕಾದ ಪ್ರಶ್ನೆಗಳ ಒಂದು ಹಾಳೆಯನ್ನೂ ಕೊಟ್ಟರು. ವಾರಕ್ಕೊಮ್ಮೆ ವರದಿ ಕಳಿಸಬೇಕು. ಪಾಪ, ಯಾರೋ ಒಂಟಿ ಮುದುಕಿ, ನನ್ನಿಂದ ಅಷ್ಟಾದರೂ ಆಗಲಿ ಎಂದು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ.

ಮೊದಲನೇ ಸೋಮವಾರ ಹಾಳೆ ನೋಡಿಕೊಂಡು ಕೇಳಿದೆ. "ಮಾತ್ರೆ ತಗೊಂಡ್ರಾ?"

"ತಗೊಂಡೆ. ನೀನು?"

"ರಾತ್ರಿ ನಿದ್ದೆ ಬಂತಾ?"

"ಬಂತು. ನಿನಗೆ?"

ನನ್ನ ಹಾಳೆಯಲ್ಲಿ ಏನಿತ್ತೋ ಅದನ್ನೇ ಅವರು ನನಗೆ ತಿರುಗಿಸಿ ಕೇಳುತ್ತಿದ್ದರು. ಮಾತಿಗೆ ಹಂಬಲಿಸುತ್ತಾರೆ ಎಂದು ವರದಿಯಲ್ಲಿ ಬರೆದೆ.

ತುಂಗಕ್ಕ ಚಿತ್ರದುರ್ಗದವರು. ಇಪ್ಪತ್ತೆರಡನೇ ವಯಸ್ಸಿಗೆ ಟೈಪಿಸ್ಟ್ ಕೆಲಸ ಸಿಕ್ಕಿ ದೆಹಲಿಗೆ ಬಂದವರು ಯಾವುದೋ ಮಂತ್ರಾಲಯದಲ್ಲಿ ಮೂವತ್ತಾರು ವರ್ಷ ದುಡಿದು, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದರೆ "ಆ ಫೈಲು ಮುಂದಕ್ಕೆ ಹೋಗ್ಲಿಲ್ಲ ಕಣಮ್ಮ" ಎನ್ನುವರು. ಮಾತೆಲ್ಲ ಕಚೇರಿಯದೇ. ಫೋನ್ ಎತ್ತಿದರೆ ಹಲೋ ಇಲ್ಲ, "ಹಾಜರ್!" ಸರದಿಯ ಮೇಲೆ ಫೋನು ಮಾಡುವುದಕ್ಕೆ ದೆಹಲಿಯಲ್ಲಿ ಸಮ, ಬೆಸ ನಂಬರಿನ ಕಾರುಗಳನ್ನು ದಿನ ಬಿಟ್ಟು ದಿನ ಓಡಿಸುವ ನಿಯಮದ ಹೆಸರು ಕೊಟ್ಟು "ನಮ್ಮದು ಆಡ್-ಈವನ್" ಎಂದು ನಗುವರು. ಆಮೇಲೆ ಮೀಟಿಂಗಿನ ಹಾಗೆ ಒಂದೊಂದೇ ವಿಷಯ: "ಫಸ್ಟ್ ಐಟಮ್, ತಿಂಡಿ. ಸೆಕೆಂಡ್ ಐಟಮ್, ಮಗಳು." ಎಲ್ಲ ಮುಗಿದ ಮೇಲೆ ದನಿ ಸ್ವಲ್ಪ ಇಳಿಸಿ, "ಇನ್ನೇನಾದ್ರೂ ವಿಷಯ?" ಎಂದು ಕೇಳಿ ಕಾಯುವರು. ಹೇಳುವುದು ಎಷ್ಟೋ ಸಲ ಇದ್ದೇ ಇರುತ್ತಿತ್ತು. "ಏನಿಲ್ಲ" ಎಂದು ಇಟ್ಟುಬಿಡುತ್ತಿದ್ದೆ.

ಅವರ ಹತ್ತಿರ ಸುಳ್ಳು ನಡೆಯುತ್ತಿರಲಿಲ್ಲ. ಒಂದು ಮಂಗಳವಾರ ಅವರು ಫೋನು ಮಾಡಿದಾಗ ಉಪ್ಪಿಟ್ಟು ಮಾಡುತ್ತಿದ್ದೇನೆ ಎಂದೆ.

"ಸರಿ, ಫೋನ್ ಒಲೆ ಹತ್ರ ಇಡು."

ಇಟ್ಟೆ. ಖಾಲಿ ಬಾಣಲೆಯಲ್ಲಿ ಸೌಟು ಆಡಿಸಿದೆ.

"ಸಾಸಿವೆ ಸಿಡಿದಿದ್ದು ಕೇಳಿಸ್ಲಿಲ್ಲ," ಎಂದರು ತುಂಗಕ್ಕ. "ಇವತ್ತೂ ಬ್ರೆಡ್ಡೇ ತಾನೆ? ಒಬ್ಬಳಿಗೆ ಏನು ಮಾಡ್ಕೊಳ್ಳೋದು ಅಂತ ತಾನೆ? ಎಣ್ಣೆ ಹಾಕು ಈಗ. ನಾನು ಲೈನಲ್ಲೇ ಇರ್ತೀನಿ."

ನಲವತ್ತೊಂಬತ್ತು ವರ್ಷದ ನಾನು ಎಣ್ಣೆ ಹಾಕಿದೆ. ಸಾಸಿವೆ ಸಿಡಿಯಿತು. "ಹಾಂ, ನೋಟೆಡ್" ಎಂದರು. ಆ ದಿನ ಬಿಸಿ ಉಪ್ಪಿಟ್ಟು ತಿನ್ನುತ್ತ, ಮುದುಕಿಗೆ ಪಾಪ ಎಷ್ಟು ಖುಷಿಯಾಯಿತು ಎಂದುಕೊಂಡೆನೇ ಹೊರತು ಖುಷಿಯಾದದ್ದು ಯಾರಿಗೆ ಎಂದು ಯೋಚಿಸಲಿಲ್ಲ.

ವರ್ಷ ತುಂಬುವ ಹೊತ್ತಿಗೆ ತಪಾಸಣೆಯ ಭಾನುವಾರವೊಂದರಲ್ಲಿ ಸುಮಿತ್ರಾ ಡಾಕ್ಟರನ್ನು ಕರೆತರಲು ಹೋದರು. ಫೈಲು ನೋಡಿ ಹೆಸರುಗಳನ್ನು ರಿಜಿಸ್ಟರಿಗೆ ಇಳಿಸಿಕೊಳ್ಳಿ ಎಂದು ನನಗೆ ಹೇಳಿದ್ದರು. ಫೈಲಿನಲ್ಲಿ ಅಂಚೆಯಲ್ಲಿ ಬಂದ ಹಾಳೆಗಳ ಒಂದು ಕಟ್ಟಿತ್ತು. ಗುಂಡಗಿನ, ತಪ್ಪಿಲ್ಲದ ಅಕ್ಷರ. ಕರೆ ಮಾಡುವವರು: ತುಂಗಾಬಾಯಿ. ಕರೆ ಪಡೆಯುವವರು: ವಿಮಲಾ, ನೋಯ್ಡಾ.

ವಿಮಲಾ ನಾನು.

'ಮೂರು ದಿನದಿಂದ ಬ್ರೆಡ್ಡು. ಮಗಳು ಫೋನ್ ಮಾಡಿಲ್ಲ. ಮಾಡಿದಳೆಂದು ಸುಳ್ಳು ಹೇಳಿದಳು. ಶುಕ್ರವಾರ ನಕ್ಕಳು.' ಇನ್ನೊಂದು ಹಾಳೆಯಲ್ಲಿ, 'ಈ ವಾರ ಯಜಮಾನರು ಮನೆಯಲ್ಲಿದ್ದಾರೆ. ದನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.'

ಆ ಕೊನೆಯ ಸಾಲನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಸುಮಿತ್ರಾ ಬಂದೊಡನೆ ಜಗಳಕ್ಕೆ ನಿಂತೆ. ಅವರು ಕುರ್ಚಿಯ ಮೇಲೆ ಕುಸಿದು ಹೇಳಿದರು: "ನಾನೇನ್ ಮಾಡ್ಲಿ ಹೇಳಿ. ಎರಡು ಪಟ್ಟಿ ಇಟ್ಟೆ. ಫೋನ್ ಮಾಡ್ತೀನಿ ಅಂತ ಹದಿನೆಂಟು ಜನ ಹೆಸರು ಕೊಟ್ರು. ನನಗೆ ಯಾರಾದ್ರೂ ಫೋನ್ ಮಾಡ್ಲಿ ಅಂತ ಒಬ್ಬರೂ ಕೊಡ್ಲಿಲ್ಲ ರೀ. ಒಬ್ಬರೂ! ಅದಕ್ಕೇ ಹದಿನೆಂಟು ಜನಾನೂ ಜೋಡಿ ಮಾಡಿ, ಒಬ್ಬೊಬ್ಬರಿಗೂ ಇನ್ನೊಬ್ಬರನ್ನ ನೋಡ್ಕೊಳ್ಳಿ ಅಂದ್ಬಿಟ್ಟೆ."

ಇದಕ್ಕೆ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ನನ್ನ ಸಿಟ್ಟು ಆಗಗೊಡಲಿಲ್ಲ. ಮರುದಿನ ಹನ್ನೊಂದಕ್ಕೆ ಫೋನು ಮಾಡಿ, ಚೊಂಬಿನಿಂದ "ಹಾಜರ್" ಕೇಳುವ ಮೊದಲೇ ಶುರು ಮಾಡಿದೆ. ನನ್ನ ಮೇಲೆ ವರದಿ ಬರೆಯಲು ನೀವ್ಯಾರು, ಒಂಟಿಯಾಗಿರುವವರು ನೀವು, ಪಟ್ಟಿಯಲ್ಲಿ ನನಗೆ ಒಪ್ಪಿಸಿದ್ದು ನಿಮ್ಮನ್ನು, ವರ್ಷದಿಂದ ನಿಮ್ಮನ್ನು ನೋಡಿಕೊಳ್ಳುತ್ತಿರುವವಳು ನಾನು ಎಂದೆಲ್ಲ ಅಂದುಬಿಟ್ಟೆ.



"ಅಚ್ಛಾ," ಎಂದರು ತುಂಗಕ್ಕ. "ಹಾಗಾದ್ರೆ ನಾನು ಮಾಡ್ತಿದ್ದದ್ದು ಡ್ಯೂಟಿ ಅಲ್ಲ." ಫೋನು ಇಟ್ಟರು.

ಮಂಗಳವಾರ ಅವರ ಸರದಿ, ಫೋನು ಬರಲಿಲ್ಲ. ಬುಧವಾರ ನನ್ನದು, ನಾನು ಮಾಡಲಿಲ್ಲ. ಹನ್ನೊಂದು ಗಂಟೆ ಎನ್ನುವುದು ನಮ್ಮ ಮನೆಯಲ್ಲಿ ಎಷ್ಟು ಉದ್ದ ಇರಬಹುದೆಂದು ಆ ದಿನಗಳಲ್ಲಿ ಗೊತ್ತಾಯಿತು. ಒಂಬತ್ತು ದಿನ ತಡೆದೆ. ಹತ್ತನೆಯ ದಿನ ಮೂರು ಮೆಟ್ರೊ ಬದಲಿಸಿ ರೋಹಿಣಿಗೆ ಹೋದೆ.

ದನಿ ಕೇಳಿ ನಾನು ಎತ್ತರದ, ದಪ್ಪನೆಯ ಹೆಂಗಸನ್ನು ಊಹಿಸಿಕೊಂಡಿದ್ದೆ. ಬಾಗಿಲು ತೆರೆದವರು ನನ್ನ ಭುಜಕ್ಕೆ ಬರುವಷ್ಟು ಸಣ್ಣವರು. ಸೀರೆಯ ಮೇಲೆ ಗಂಡಸರ ಅಂಗಿ. ನನ್ನ ಹೆಸರು ಹೇಳಿದೆ.

"ಬನ್ನಿ, ಕೂತ್ಕೊಳ್ಳಿ," ಎಂದರು. ಆ ಬಹುವಚನ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಒಂಬತ್ತು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ತುಂಗಕ್ಕ."

"ಅದನ್ನ ನನಗ್ಯಾಕೆ ಹೇಳ್ತೀರಿ?"

"ನೀವು ವರದಿ ಬರೀಬೇಕಲ್ಲ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಕೈ ತೊಳ್ಕೊಂಡು ಬಾ," ಎಂದು ಒಳಗೆ ಹೋದರು. ಅನ್ನ, ಮೂಲಂಗಿ ಹುಳಿ. ನಾನು ಉಣ್ಣುವಾಗ ಎದುರಿಗೇ ಕೂತಿದ್ದರು.

"ರಿಟೈರ್ ಆಗಿ ಹದಿನಾರು ವರ್ಷ ಆಯ್ತು," ಎಂದರು. "ಅಲ್ಲಿಂದ ಈಚೆಗೆ ಯಾರೂ ನನಗೆ ಒಂದು ಕೆಲಸ ಹೇಳಿರ್ಲಿಲ್ಲ ಕಣೇ. ತುಂಗಾಬಾಯಿ, ಇದನ್ನ ನೀವು ನೋಡ್ಕೊಳ್ಳಿ ಅಂತ ಹೇಳ್ದೋಳು ಸುಮಿತ್ರಾ ಒಬ್ಬಳೇ."

ನಾನು ಇನ್ನೊಂದು ಸೌಟು ಹುಳಿ ಬಡಿಸಿಕೊಂಡೆ. ಹೊರಡುವಾಗ ಬಾಗಿಲಲ್ಲಿ ಹೇಳಿದರು: "ನಾಳೆ ಶನಿವಾರ. ನನ್ನ ಸರದಿ."

ಆಮೇಲೆ ಆರು ತಿಂಗಳು ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನೂ ವರದಿ ಕಳಿಸುತ್ತಿದ್ದೆ, ಅವರೂ ಅಂಚೆಗೆ ಹಾಕುತ್ತಿದ್ದರು.

ಜನವರಿಯ ಒಂದು ಬುಧವಾರ ಹನ್ನೊಂದಕ್ಕೆ ಅವರು ಫೋನು ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ತುಂಗಕ್ಕನ ಪಕ್ಕದ ಮನೆಯವರಿಗೆ ಮಾಡಿದೆ. ಅವರ ಬಳಿ ಇನ್ನೊಂದು ಬೀಗದ ಕೈ ಇತ್ತು. ಬಾಲ್ಕನಿಯ ಎಳೆಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಲ್ಲೇ ತುಂಗಕ್ಕ ಹೋಗಿದ್ದರು.

ನಾನು ಹೋಗಿ ತಲುಪಿದಾಗ ಒಳಗೆ ಮಲಗಿಸಿದ್ದರು. ಸಂಜೆಯ ವಿಮಾನಕ್ಕೆ ಅವರ ಅಣ್ಣನ ಮಗ ಬಂದ. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸ, ಮೆತ್ತಗಿನ ಮನುಷ್ಯ. ಮರುದಿನ ಎಲ್ಲ ಮುಗಿದ ಮೇಲೆ, ಬಂದಿದ್ದ ನಾಲ್ಕೈದು ಜನ ಹೊರಟ ಮೇಲೆ, ನನ್ನ ಹತ್ತಿರ ಬಂದು ನಿಂತ.

"ನೋಯ್ಡಾದವರು ನೀವೇನಾ?"

ಹೌದೆಂದೆ.

"ಅತ್ತೇನ ಊರಿಗೆ ಕರ್ಕೊಂಡು ಹೋಗ್ಬೇಕು ಅಂತ ಹೋದ ವರ್ಷ ಎರಡು ಸಲ ಟಿಕೆಟ್ ಮಾಡ್ಸಿದ್ದೆ ಮೇಡಂ. ರೂಮು ಕೂಡ ರೆಡಿ ಮಾಡಿದ್ವಿ. ಎರಡು ಸಲಾನೂ ಬೇಡ ಅಂದ್ಬಿಟ್ರು. ರಜಾ ಸಿಗಲ್ಲ ಕಣೋ ಅನ್ನೋರು. ನೋಯ್ಡಾದಲ್ಲಿ ಒಬ್ಬಳಿದಾಳೆ, ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ, ಹೆಂಗೆ ಬರ್ಲಿ ಅನ್ನೋರು."

ಅವನ ಮಾತಿನಲ್ಲಿ ಆರೋಪವಿರಲಿಲ್ಲ. ಆದರೆ ನನ್ನ ಕೊರಳ ತಾಳಿ, ಮೈಮೇಲಿನ ಒಳ್ಳೆಯ ಶಾಲು ಕಂಡು ಅವನಿಗೆ ಗೊಂದಲವಾಗಿತ್ತು. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅನಾಥೆ ಬೇರೆ ಯಾರೋ.

"ನಿಮಗೆ ಯಜಮಾನ್ರು, ಮಕ್ಕಳು ಎಲ್ಲಾ ಇದಾರಲ್ವಾ ಮೇಡಂ?"

"ಇದಾರೆ," ಎಂದೆ.

ಅವನು ತಲೆಯಾಡಿಸಿ ಒಳಗೆ ಹೊರಟ. ಅವನನ್ನು ನಿಲ್ಲಿಸಿ, "ನಿಮ್ಮತ್ತೆ ಹೇಳಿದ್ದೂ ನಿಜ," ಎಂದೆ.